ಕಿರುಬೆರಳಿಗೆ ಕೆಲಸ ಇಲ್ಲ

ಧಾರವಾಡ
14 ಜುಲೈ 2024, ರವಿವಾರ

ಬೆಳಗಿನಿಂದ ಜಿಟಿಜಿಟಿ ಮಳೆ. ಹಾರ್ಪ್ ಅಂದರೆ ನೆಟ್ಟಗೆ ನಿಲ್ಲಿಸಿ, ಎರಡೂ ಕೈಬೆರಳಿಂದ ಮೀಟುವ ಪಾಶ್ಚಾತ್ಯ ತಂತಿವಾದ್ಯ. ಅದರ ತಂತಿಗಳೆಲ್ಲ ರಾತ್ರೋರಾತ್ರಿ ಶ್ರುತಿ ಬಿಟ್ಟಿದ್ದವು. 26 ತಂತಿ. ಒಂದೊಂದಕ್ಕೂ ಶ್ರುತಿ ತಿರುಗಿಸುವ ಕೀಲಿ ಹಾಕಿ, ಮೊಬೈಲಿನ ಟ್ಯೂನರ್ ನೋಡಿ ಸರಿ ಮಾಡುವಷ್ಟರಲ್ಲಿ ಮುಕ್ಕಾಲು ತಾಸು ಹೋಯಿತು. ಚಹಾ ಆರಿತು. ಅಡುಗೆಮನೆಯಿಂದ ಅವ್ವ, "ಬರೇ ಕಿವಿ ಹಿಂಡೂದ ಆತು, ನುಡಸೂದು ಯಾವಾಗ?" ಅಂದಳು.

ಈ ಹಾರ್ಪ್ ನಮ್ಮ ಮಾಳಮಡ್ಡಿ ಮನೆಗೆ ಹೇಗೆ ಬಂತು ಅಂತ ಕೇಳುವವರಿಗೆ: ಡಬ್ಲಿನ್‌ಗೆ ಓದಲು ಹೋಗಿದ್ದ ಅಕ್ಕನ ಮಗಳು ಅಲ್ಲಿ ಕೊಂಡಿದ್ದಳು. ವಾಪಸ್ ಬರುವಾಗ ಹೊತ್ತು ತಂದಳು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಜಾಗ ಇಲ್ಲ. "ಚಿಗವ್ವಾ, ಹ್ಯಾಂಗೂ ನಿನಗ ಹಾರ್ಮೋನಿಯಂ ಬರ್ತದ, ಇದನ್ನೂ ಕಲಿ" ಅಂತ ಇಟ್ಟು ಹೋದಳು. ಹಾರ್ಮೋನಿಯಂ ಬರುವವರಿಗೆ ಹಾರ್ಪ್ ಬರುತ್ತದೆ ಅನ್ನುವುದು ಸೈಕಲ್ ಬರುವವರಿಗೆ ಈಜು ಬರುತ್ತದೆ ಅಂದಹಾಗೆ. ಇರಲಿ.

ಧಾರವಾಡದಲ್ಲಿ ಸಿತಾರ್ ಕಲಿಯಬೇಕು ಅಂದರೆ ಗುರುಗಳಿಗೆ ಬರ ಇಲ್ಲ. ಸಿತಾರ್ ರತ್ನ ರಹಿಮತ್ ಖಾನ್ ನೆಲೆಸಿದ ಊರು ಇದು. ಹಾರ್ಪ್ ಕಲಿಸುವವರು ಮಾತ್ರ ನನಗೆ ಒಬ್ಬರೂ ಸಿಗಲಿಲ್ಲ. ಹಾಗಾಗಿ ಪುಸ್ತಕ. ಎರಡು ತಿಂಗಳಲ್ಲಿ ಮೂರು ತರಿಸಿದೆ.

ಮೊದಲನೆಯದರಲ್ಲಿ ಮೋಸಹೋದೆ. ಆನ್‌ಲೈನ್‌ನಲ್ಲಿ ನೋಡಿದ್ದು, ರಟ್ಟಿನ ಮೇಲೆ 'ಹೊಸಬರಿಗೆ' ಅಂತ ದೊಡ್ಡದಾಗಿ ಇತ್ತು. ಬಂದ ಮೇಲೆ ತೆರೆದರೆ ನಾಲ್ಕನೇ ಪುಟದಲ್ಲೇ ಪೆಡಲ್‌ಗಳ ಚಿತ್ರ. ಅದು ಆರ್ಕೆಸ್ಟ್ರಾದಲ್ಲಿ ನುಡಿಸುವ ಆಳೆತ್ತರದ ಹಾರ್ಪ್. 47 ತಂತಿ, ಕಾಲಿಗೆ ಏಳು ಪೆಡಲ್. ಒಂದು ಪೆಡಲ್ ಒತ್ತಿದರೆ ಆ ಸ್ವರದ ತಂತಿಗಳೆಲ್ಲ ಒಟ್ಟಿಗೆ ಬದಲಾಗುತ್ತವೆ. ನಮ್ಮದು ಜಾನಪದ ಹಾರ್ಪ್. ಇದಕ್ಕೆ ಪೆಡಲ್ ಇಲ್ಲ. ಪ್ರತಿ ತಂತಿಯ ತಲೆಯ ಹತ್ತಿರ ಒಂದು ಪುಟ್ಟ ಲೀವರ್ ಇದೆ. ಕೈಯಿಂದ ಎತ್ತಿದರೆ ಆ ಒಂದು ತಂತಿ ಅರ್ಧ ಸ್ವರ ಏರುತ್ತದೆ, ಅಷ್ಟೇ. ಪುಸ್ತಕ ಮಾರಿದವರಿಗೆ ಈ ವ್ಯತ್ಯಾಸ ಬರೆದು ಕಳಿಸಿದೆ. ವಾಪಸ್ ತಗೊಳ್ಳುವುದಿಲ್ಲ ಅಂದರು. ಈಗ ಅದು ಕಪಾಟಿನಲ್ಲಿದೆ.

ಎರಡನೆಯದು ನೋಡಲು ಚೆಂದ. ದಪ್ಪ ಕಾಗದ, ಐರ್ಲೆಂಡ್, ಸ್ಕಾಟ್ಲೆಂಡಿನ ಹಳೆಯ ಧಾಟಿಗಳು ತುಂಬಿವೆ. ಆಸೆಪಟ್ಟು ಕೂತೆ. ಎಡಗೈಗೆ ಬರೆದ ಸ್ವರಗಳನ್ನು ಹುಡುಕುತ್ತ ಹೋದರೆ ನನ್ನ ಕೊನೆಯ ತಂತಿಯೇ ಮುಗಿದುಹೋಯಿತು. ಆ ಪುಸ್ತಕ 34 ತಂತಿಯ ಹಾರ್ಪ್ ಇದ್ದವರಿಗೆ. ಶುರುವಿಗೇ ತಂತಿಗಳನ್ನು ಇ-ಫ್ಲ್ಯಾಟ್ ಅನ್ನುವ ಪಾಶ್ಚಾತ್ಯ ಸ್ವರಶ್ರೇಣಿಗೆ ಕೂಡಿಸಿ ಅಂತಲೂ ಹೇಳುತ್ತದೆ. ಹಾಗೆ ಕೂಡಿಸಿದರೆ ಬರೀ ಲೀವರ್ ಎತ್ತಿ ಇಳಿಸಿ ಅಂಥ ಎಂಟು ಸ್ವರಶ್ರೇಣಿ (ಮೇಜರ್ ಸ್ಕೇಲ್) ನುಡಿಸಬಹುದು. ಒಳ್ಳೆಯದೇ. ಆದರೆ ಒಂದೂ ಸರಿಯಾಗಿ ಬರದವಳಿಗೆ ಎಂಟು ಯಾಕೆ?

ಮೂರನೆಯದು ತೆಳ್ಳಗಿದೆ. ಮುದ್ರಣ ಮಸುಕು. ಹಾಡುಗಳೋ, ಇಂಗ್ಲಿಷ್ ಶಾಲೆಯ ಸಣ್ಣ ಮಕ್ಕಳು ಹೇಳುವಂಥವು. ಇದನ್ನೂ ಮೂಲೆಗೆ ಹಾಕುವವಳಿದ್ದೆ. ಪಕ್ಕದ ಮನೆಯ ಕಾಕಾ ತಡೆದರು.

ಕಾಕಾ ರಿಟೈರ್ಡ್ ಮಾಸ್ತರು. ನಲವತ್ತು ವರ್ಷದಿಂದ ಸಿತಾರ್ ನುಡಿಸುತ್ತಾರೆ. ಹಾರ್ಪ್ ಮೊದಲ ಸಲ ನೋಡಿದಾಗ, "ಏನವಾ ಇದು, ಸ್ವರಮಂಡಲ ಎದ್ದು ನಿಂತಂಗ ಐತಿ" ಅಂದಿದ್ದರು. ಹೋದ ತಿಂಗಳು ಮೂರೂ ಪುಸ್ತಕ ಮುಂದಿಟ್ಟೆ. ಅವರಿಗೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ, ಸ್ಟಾಫ್ ನೋಟೇಶನ್, ಒಂದಕ್ಷರ ಬರುವುದಿಲ್ಲ. ಕನ್ನಡಕ ಏರಿಸಿ ಸುಮ್ನೆ ಹಾಳೆ ತಿರುವಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಇದರಾಗ ಕೈ ಎಲ್ಲಿ ಐತಿ?"

ಎರಡನೆಯ ಪುಸ್ತಕದಲ್ಲಿ ಕೈಯ ಚಿತ್ರ ಒಂದೇ ಒಂದು. ಮೂರನೆಯದರಲ್ಲಿ ಮೊದಲ ಹದಿಮೂರು ಪುಟವೂ ಕೈಯೇ. ಹಾರ್ಪ್ ಬಲಭುಜಕ್ಕೆ ಒರಗಬೇಕು. ಹೆಬ್ಬೆರಳು ಮೇಲೆ ನಿಂತಿರಬೇಕು, ಉಳಿದ ಬೆರಳು ಕೆಳಮುಖ. ಮೀಟಿದ ಬೆರಳು ಗಾಳಿಯಲ್ಲಿ ಉಳಿಯಬಾರದು, ಅಂಗೈಯೊಳಗೆ ಮಡಚಿಕೊಳ್ಳಬೇಕು. ಹೆಬ್ಬೆರಳು 1, ಉಂಗುರಬೆರಳು 4. ಕಿರುಬೆರಳಿಗೆ ಕೆಲಸ ಇಲ್ಲ. ನನಗೆ ಇದೇ ಕಷ್ಟ. ಹಾರ್ಮೋನಿಯಂ ಮೇಲೆ ಓಡಾಡಿದ ಕಿರುಬೆರಳು ಎಲ್ಲೋ ಒಂದು ತಂತಿಗೆ ತಗಲಿ ಝಂಯ್ ಅನ್ನಿಸುತ್ತದೆ. ಅಂದಹಾಗೆ, ಹಾರ್ಪ್ ಪುಸ್ತಕದಲ್ಲಿ ಎಲ್ಲಾದರೂ ಬೆರಳಿಗೆ 5 ಅಂತ ಅಂಕಿ ಕಂಡರೆ ಅನುಮಾನ ಪಡಿ. ಪಿಯಾನೊ ಪುಸ್ತಕಕ್ಕೆ ಹೊಸ ರಟ್ಟು ಹಾಕಿರುತ್ತಾರೆ.

ಇನ್ನೊಂದು, ಸ್ವರಗಳ ಮೇಲೆ ಚೌಕ ಕಂಸ ಹಾಕಿದ್ದಾರೆ. ನಾಲ್ಕು ಸ್ವರ ಒಂದು ಕಂಸದೊಳಗಿದ್ದರೆ ನಾಲ್ಕೂ ಬೆರಳನ್ನು ಮೊದಲೇ ತಂತಿಯ ಮೇಲೆ ಇಟ್ಟುಕೊಂಡು ಆಮೇಲೆ ಒಂದೊಂದೇ ಮೀಟಬೇಕು. ಹಾಡು ಓಡುವಾಗ ತಂತಿ ಹುಡುಕುತ್ತ ಕೂತರೆ ತಾಳ ಹೋಯಿತು, ಅಲ್ವಾ? ಹಾಗಂತ ಬೇಗ ಇಟ್ಟರೂ ತಪ್ಪು. ಇನ್ನೂ ನುಡಿಯುತ್ತಿರುವ ತಂತಿಗೆ ಬೆರಳು ತಾಗಿದರೆ ದನಿ ಸತ್ತುಹೋಗುತ್ತದೆ. ಎರಡನೆಯ ಪುಸ್ತಕದಲ್ಲಿ ಈ ಕಂಸವೂ ಇಲ್ಲ, ಬೆರಳಿನ ಅಂಕಿಯೂ ಇಲ್ಲ. ಅಷ್ಟು ಚೆಂದದ ಧಾಟಿಗಳಿದ್ದೂ ನನಗೆ ಈಗ ಅದು ಬೇಡ. ಹಾಡು ಎಲ್ಲಿ ಬೇಕಾದರೂ ಸಿಗುತ್ತದೆ. ಕೈ ಒಮ್ಮೆ ಕೆಟ್ಟರೆ ತಿದ್ದಲು ಇಲ್ಲಿ ಯಾರಿದ್ದಾರೆ?

ಮೂರನೆಯ ಪುಸ್ತಕ ಸಿ ಮೇಜರ್‌ನಿಂದ ಶುರು. ಹಾರ್ಪಿನಲ್ಲಿ ಸಿ ಸ್ವರದ ತಂತಿಗಳು ಕೆಂಪು, ಎಫ್ ಸ್ವರದವು ಕಪ್ಪು. ಹಾಡಿನ ಕೆಳಗೆ ಪೆನ್ಸಿಲ್‌ನಿಂದ ಸರಿಗಮ ಬರೆದುಕೊಂಡೆ. ಹಿಂದುಸ್ತಾನಿ ಸಂಗೀತ ಬರೆಯುವ ಭಾತಖಂಡೆ ಪದ್ಧತಿಯಂತೆ ಕೆಳಗಿನ ಮಂದ್ರ ಸಪ್ತಕಕ್ಕೆ ಕೆಳಗೆ ಚುಕ್ಕೆ, ಮೇಲಿನ ತಾರ ಸಪ್ತಕಕ್ಕೆ ಮೇಲೆ ಚುಕ್ಕೆ. ಕೆಂಪು ಸಾ, ಕಪ್ಪು ಮ. ಲೀವರ್ ಎಲ್ಲ ಕೆಳಗಿದ್ದರೆ ಬಿಲಾವಲ್ ಥಾಟ್. ಥಾಟ್ ಅಂದರೆ ರಾಗಗಳಿಗೆ ಮೂಲವಾದ ಏಳು ಸ್ವರಗಳ ಸಾಲು. ಕಾಕಾನ ಎದುರು ನಾಲ್ಕು ಕಪ್ಪು ತಂತಿಯ ಲೀವರ್ ಎತ್ತಿ ಮತ್ತೆ ನುಡಿಸಿದೆ. ಕಾಕಾ ನೆಟ್ಟಗಾದರು. "ಅಲ್ಲಲೇ, ಇದು ಕಲ್ಯಾಣ ಆತು!" ಲೀವರ್ ಇಳಿಸಿ ಕೆಂಪಿನ ಮೇಲಿನ ತಂತಿಯನ್ನು ಸಾ ಮಾಡಿಕೊಂಡರೆ ಕಾಫಿ ಥಾಟ್. ಭೈರವ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಲೀವರ್ ಸ್ವರ ಏರಿಸುತ್ತದೆ, ಇಳಿಸುವುದಿಲ್ಲ. ರಿ, ಧ ತಂತಿಗಳನ್ನು ಕೀಲಿ ಹಾಕಿಯೇ ಇಳಿಸಬೇಕು. "ಮೀಂಡ್?" ಅಂದರು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು. ಇಲ್ಲ ಅಂದೆ. ಕಾಕಾನ ಮುಖ ಸಣ್ಣಗಾಯಿತು.

ಪೆನ್ಸಿಲ್ ಸರಿಗಮ ಒಳ್ಳೆಯದೋ ಕೆಟ್ಟದ್ದೋ ಇನ್ನೂ ತೀರ್ಮಾನಿಸಿಲ್ಲ. ಎರಡು ವಾರ ಅನುಕೂಲ ಆಯಿತು. ಈಗ ಕಣ್ಣು ಐದು ಗೆರೆಯ ಕಡೆ ಹೋಗುವುದೇ ಇಲ್ಲ, ಸೀದಾ ಕೆಳಗೆ ಇಳಿಯುತ್ತದೆ. ನಿನ್ನೆ ಬಲಗೈಯ ಸಾಲುಗಳದ್ದೆಲ್ಲ ರಬ್ಬರ್‌ನಿಂದ ಅಳಿಸಿದೆ. ಎಡಗೈಯದ್ದು ಇರಲಿ ಅಂತ ಬಿಟ್ಟೆ.

ಇದೇ ಪುಸ್ತಕದ ಕೊನೆಗೆ ಒಂದು ಪುಟ ಇತಿಹಾಸ ಇದೆ. ಓದಿದಾಗ ಗದಗ ನೆನಪಾಯಿತು. ಐರ್ಲೆಂಡಿನ ದೊಡ್ಡ ಹಾರ್ಪ್ ವಾದಕ ಟರ್ಲೋ ಓ'ಕ್ಯಾರೊಲನ್ (1670–1738) 18ನೇ ವಯಸ್ಸಿನಲ್ಲಿ ಸಿಡುಬಿನಿಂದ ಕಣ್ಣು ಕಳೆದುಕೊಂಡವನು. ಹಾರ್ಪ್ ಕಲಿತದ್ದೇ ಆಮೇಲೆ. 1792ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಹಳೆಯ ವಾದಕರನ್ನೆಲ್ಲ ಸೇರಿಸಿದಾಗಲೂ ಅವರಲ್ಲಿ ಹಲವರಿಗೆ ಕಣ್ಣಿರಲಿಲ್ಲ. ಅವರು ನುಡಿಸಿದ್ದನ್ನು ಕೂತು ಬರೆದುಕೊಂಡವನು ಎಡ್ವರ್ಡ್ ಬಂಟಿಂಗ್, 19 ವರ್ಷದ ಹುಡುಗ. ಅಂದರೆ ಪುಸ್ತಕ ಆಮೇಲೆ ಬಂದದ್ದು. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸಣ್ಣವಳಿದ್ದಾಗ ಅಪ್ಪನ ಜೊತೆ ಹೋಗಿದ್ದೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ, ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. ಅಂಗಳದಲ್ಲಿ ನನ್ನ ವಾರಿಗೆಯ ಒಬ್ಬ ಹುಡುಗ ಹಾರ್ಮೋನಿಯಂ ನುಡಿಸುತ್ತಿದ್ದ. ಎದುರಿಗೆ ಪುಸ್ತಕ ಇಲ್ಲ, ಕಾಗದ ಇಲ್ಲ. ನಾನು ಆಗ ನೋಟೇಶನ್ ನೋಡದೆ ಒಂದು ಅಲಂಕಾರವನ್ನೂ ಮುಗಿಸುತ್ತಿರಲಿಲ್ಲ.

ಮೂರನೆಯ ಪುಸ್ತಕಕ್ಕೆ ಇನ್ನೊಂದು ಕಾಟ ಇತ್ತು. ಸ್ಟ್ಯಾಂಡಿನ ಮೇಲೆ ತೆರೆದಿಟ್ಟರೆ ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಎರಡೂ ಕೈ ತಂತಿಯ ಮೇಲಿರುವಾಗ ಹಾಳೆ ಹಿಡಿಯುವವರು ಯಾರು? ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ನೋಡಿದೆ, ಪಟ್ ಅಂತ ಹಾರಿ ಅವ್ವನ ತಾಟಿಗೆ ಬಿತ್ತು. ನಿನ್ನೆ ಝೆರಾಕ್ಸ್ ಅಂಗಡಿಗೆ ಒಯ್ದು ಬೆನ್ನು ಕತ್ತರಿಸಿ ಸ್ಪೈರಲ್ ಹಾಕಿಸಿಕೊಂಡು ಬಂದೆ. ಅಂಗಡಿ ಹುಡುಗ "ಹೊಸಾ ಪುಸ್ತಕ ಐತಲ್ರಿ ಅಕ್ಕಾರ, ಖರೇನ ಕತ್ತರಸ್ಲಿ?" ಅಂತ ಎರಡು ಸಲ ಕೇಳಿದ.

ಸಂಜೆ ಹದಿನಾಲ್ಕನೇ ಪುಟಕ್ಕೆ ಕೂತೆ. ಕೆಂಪು ತಂತಿಯಿಂದ ಸಾಲಾಗಿ ನಾಲ್ಕು ತಂತಿ, ಮೇಲೆ ಹೋಗಿ ಕೆಳಗೆ ಬರುವುದು. ಹನ್ನೊಂದು ದಿನದಿಂದ ಇದೇ. ಆರೂವರೆಗೆ ಕರೆಂಟ್ ಹೋಯಿತು. ಮಳೆಯ ಮೋಡಕ್ಕೆ ಒಳಗೆಲ್ಲ ಕತ್ತಲೆ.

"ಕಂದೀಲು ತರ್ಲೇನು?" ಅಂದಳು ಅವ್ವ.

ಬ್ಯಾಡ ಅಂದೆ. ಕೊನೆಯ ತಂತಿಯಿಂದ ಬೆರಳಲ್ಲೇ ಎಣಿಸುತ್ತ ಬಂದು ನಾಲ್ಕೂ ಬೆರಳು ಇಟ್ಟೆ. ಒಂದೊಂದೇ ಮೀಟಿದೆ. ಎಣಿಕೆ ಒಂದು ತಂತಿ ತಪ್ಪಿತ್ತು. ಸಾ ಅಂದುಕೊಂಡದ್ದು ರಿ. ಗೋಡೆಯಾಚೆಯಿಂದ ಕಾಕಾ ಕೂಗಿದರು, "ಕಾಫಿ ಹಿಡದಿ ಏನವಾ ಇವತ್ತ?"