ಉರಿ ಇಳಿಯಲಿ, ಆಮೇಲೆ ಹಣ್ಣು

ಕ್ಯಾಂಪಿಂಗ್‌ಗೆ ಹೋದರೆ ಊಟದ ಮೇಲಿನ ಸಿಹಿಗೆ ಬಿಸ್ಕತ್ತಿನ ಪೊಟ್ಟಣ ಒಡೆಯುವುದೇ ನಮ್ಮ ಗುಂಪಿನ ರೂಢಿ. ಈ ಸಲ ನಾನು ಹಠ ಹಿಡಿದು ಹಣ್ಣು ಹೊತ್ತುಕೊಂಡು ಹೋದೆ. ಸೇಬು, ಬಾಳೆಹಣ್ಣು, ಒಂದು ಅನಾನಸ್. ಜೊತೆಗೆ ಬೆಣ್ಣೆ, ಸಕ್ಕರೆ, ಚಕ್ಕೆ ಪುಡಿ, ಒಣದ್ರಾಕ್ಷಿ, ಚಾಕೊಲೇಟ್, ಒಂದು ಸುರುಳಿ ಅಲ್ಯೂಮಿನಿಯಂ ಫಾಯಿಲ್. ಪಾತ್ರೆ ಬೇಡ, ತೊಳೆಯುವ ಕೆಲಸವೂ ಇಲ್ಲ.

ಊಟ ಮುಗಿಯುತ್ತಿದ್ದಂತೆ ಎಲ್ಲರಿಗೂ ಅವಸರ. "ಎಷ್ಟು ಚೆನ್ನಾಗಿ ಉರೀತಿದೆ, ಈಗಲೇ ಇಡು ಮಾರಾಯ್ತಿ" ಅಂತ ಗೆಳತಿ ಒಂದೇ ಸಮನೆ ಹೇಳುತ್ತಿದ್ದಳು. ನಾನು ಜಗ್ಗಲಿಲ್ಲ. ಧಗಧಗ ಉರಿಯಲ್ಲಿ ಇಟ್ಟರೆ ಹೊರಗೆ ಕರಕಲು, ಒಳಗೆ ಹಸಿ, ಮೇಲೆ ಮಸಿ ಬೇರೆ. ಹಣ್ಣಿಗೆ ಬೇಕಾಗಿರುವುದು ಕೆಂಡ. ಗಟ್ಟಿ ಮರದ ಕೊರಡು ಹಾಕಿದ್ದರಿಂದ ಕೆಂಡ ಚೆನ್ನಾಗಿ ಬಿತ್ತು, ಮೇಲೆ ತೆಳ್ಳಗೆ ಬೂದಿ ಕಟ್ಟುವವರೆಗೂ ಕಾದೆ. ಆಮೇಲೆ ಕೆಂಡವನ್ನೆಲ್ಲ ಒಂದು ಬದಿಗೆ ಎಳೆದು, ಇನ್ನೊಂದು ಬದಿಯಲ್ಲಿ ಸಣ್ಣ ಉರಿ ಹಾಗೇ ಬಿಟ್ಟೆ. ಬೆಳಕೂ ಆಯಿತು, ಕೆಂಡ ಕಡಿಮೆಯಾದರೆ ಅಲ್ಲಿಂದ ಎಳೆದುಕೊಳ್ಳಬಹುದು.

ಮೊದಲು ಸೇಬು, ಯಾಕಂದ್ರೆ ಅದಕ್ಕೆ ಅರ್ಧ ಗಂಟೆಯಾದರೂ ಬೇಕು. ನಡುವಿನ ಬೀಜದ ಭಾಗ ಕೊರೆದು ತೆಗೆಯಬೇಕು, ಆದರೆ ತಳ ತೂತಾಗಬಾರದು, ಕರಗಿದ ಬೆಣ್ಣೆಯೆಲ್ಲ ಸೋರಿ ಹೋಗುತ್ತದೆ. ಆ ಗುಂಡಿಗೆ ಬೆಣ್ಣೆ, ಸಕ್ಕರೆ, ಚಕ್ಕೆ ಪುಡಿ, ದ್ರಾಕ್ಷಿ ತುಂಬಿ, ಎರಡು ಸುತ್ತು ಫಾಯಿಲ್ ಸುತ್ತಿ ಕೆಂಡದ ಅಂಚಿಗೆ ಇಟ್ಟೆ. ಆಗಾಗ ತಿರುಗಿಸುವುದು, ಇಕ್ಕಳದಿಂದ ಒತ್ತಿ ನೋಡುವುದು, ಅಷ್ಟೇ. ಹುಳಿ ಇರುವ ಗಟ್ಟಿ ಸೇಬೇ ಒಳ್ಳೇದು. ಹಿಟ್ಟು ಹಿಟ್ಟಾಗಿರುವುದು ಕುಸಿದುಬಿಡುತ್ತದೆ.

ಬಾಳೆಹಣ್ಣು ಮಾತ್ರ ನೋಡೋಕೇ ಮಜಾ. ಸಿಪ್ಪೆ ಸುಲಿಯದೆ ಒಳಬಾಗಿನ ಕಡೆ ಉದ್ದಕ್ಕೆ ಸೀಳಿ, ಚಾಕೊಲೇಟ್ ಚೂರುಗಳನ್ನು ಒತ್ತಿ ಕೂರಿಸಿದೆ. ಕೆಂಡಕ್ಕೆ ಇಟ್ಟ ಸ್ವಲ್ಪ ಹೊತ್ತಿಗೇ ಹಳದಿ ಸಿಪ್ಪೆ ಕಂದಾಗಿ, ಆಮೇಲೆ ಪೂರ್ತಿ ಕಪ್ಪಾಯಿತು. ಸೀಳಿನ ಅಂಚಿನಲ್ಲಿ ರಸ ಗುಳುಗುಳು ಕುದಿಯುತ್ತಾ ಚಾಕೊಲೇಟ್ ಜೊತೆ ಬೆರೆತು, ಒಂದೆರಡು ಹನಿ ಕೆಂಡಕ್ಕೆ ಬಿದ್ದು ಚುಂಯ್ ಅಂದವು. ಸುಮಾರು ಹತ್ತು ನಿಮಿಷದ ಕೆಲಸ. ಸಿಪ್ಪೆಯೇ ತಟ್ಟೆ, ಚಮಚ ಒಂದಿದ್ದರೆ ಸಾಕು.

ಅನಾನಸ್ ಅನ್ನು ಬೆರಳು ದಪ್ಪಕ್ಕೆ ಹೆಚ್ಚಿ, ಒಣ ಬಟ್ಟೆಯಿಂದ ಒತ್ತಿ ಒರೆಸಿದೆ. ಇದನ್ನು ಯಾರೂ ಬಿಡಬಾರದು ಅನ್ನಿಸುತ್ತದೆ. ಮೇಲ್ಮೈ ಒದ್ದೆ ಇರುವವರೆಗೂ ಬಿಸಿ 100 ಡಿಗ್ರಿ ಸೆಲ್ಸಿಯಸ್ ಹತ್ತಿರವೇ ನಿಲ್ಲುತ್ತದೆ, ಸಕ್ಕರೆ ಕಂದು ಬಣ್ಣಕ್ಕೆ ತಿರುಗಿ ಆ ಕ್ಯಾರಮೆಲ್ ಘಮ ಬರಬೇಕಾದರೆ ಸುಮಾರು 160 ಡಿಗ್ರಿ ಬೇಕು. ಒರೆಸದಿದ್ದರೆ ಹಣ್ಣು ಸುಮ್ನೆ ಬೇಯುತ್ತದೆ. ಫಾಯಿಲ್ ಇಲ್ಲದೆ ನೇರ ಜಾಲರಿ ಮೇಲೆ ಹಾಕಿದೆ, ಅಂಚುಗಳು ಕಂದಾಗಿ ಜಾಲರಿಯ ಗೆರೆ ಮೂಡಿತು. ಅನಾನಸ್ ಕಂಡರೆ ಮುಖ ತಿರುಗಿಸುವ ಅದೇ ಗೆಳತಿ "ಇನ್ನೊಂದು ತುಂಡು ಇದೆಯಾ?" ಅಂದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಫಾಯಿಲ್ ಬೆಂಕಿಯಲ್ಲಿ ಸುಟ್ಟು ಹೋಗುವುದಿಲ್ಲ, ಹಾಗಾಗಿ ಒಂದೊಂದನ್ನೂ ಹೆಕ್ಕಿ ಚೀಲಕ್ಕೆ ಹಾಕಿದೆವು, ಸಿಪ್ಪೆಗಳನ್ನೂ ಕೂಡ. ಸಿಹಿ ವಾಸನೆಗೆ ಪ್ರಾಣಿಗಳು ಬರುತ್ತವೆ ಅಲ್ವಾ, ಉಳಿದ ಎರಡು ಸೇಬನ್ನು ಡಬ್ಬಿಗೆ ಹಾಕಿ ಕಾರಿನಲ್ಲಿ ಇಟ್ಟೆವು. ಕೆಂಡಕ್ಕೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಪೂರ್ತಿ ತಣ್ಣಗಾದ ಮೇಲೇ ಮಲಗಿದ್ದು. ಬೆಳಗ್ಗೆ ಆ ಸೇಬನ್ನು ಓಟ್ಸ್ ಗಂಜಿಗೆ ಕಿವುಚಿ ಹಾಕಿದೆ. ಚಕ್ಕೆ ರಾತ್ರಿಯೆಲ್ಲ ಹಣ್ಣಿಗೆ ಇಳಿದು, ಬಿಸಿಯಾಗಿ ತಿಂದಿದ್ದಕ್ಕಿಂತ ರುಚಿ ಜಾಸ್ತಿಯೇ ಇತ್ತು.