ರಕ್ತ ಏನು ಹಾಲೇನೋ, ಒಡೆದು ಹೋಗೋಕೆ?

ಹೋದ ತಿಂಗಳು ಲ್ಯಾಬ್‌ನಿಂದ ಫೋನ್ ಬಂತು. 'ಸ್ಯಾಂಪಲ್ ಕೆಟ್ಟಿದೆ, ಮತ್ತೆ ರಕ್ತ ಕೊಡಿ.' ಮೂಡಿಗೆರೆ ಹತ್ತಿರದ ತೋಟದಿಂದ ಚಿಕ್ಕಮಗಳೂರಿಗೆ ಬಂದು ರಕ್ತ ಕೊಟ್ಟು ಹೋಗಿದ್ದ ನಮ್ಮ ಸೋದರಮಾವನಿಗೆ ಸಿಟ್ಟು ನೆತ್ತಿಗೇರಿತು. 'ರಕ್ತ ಏನು ಹಾಲೇನೋ, ಒಡೆದು ಹೋಗೋಕೆ?'

ಮಾವನಿಗೆ ಸಿಎಂಎಲ್, ಒಂದು ಬಗೆಯ ರಕ್ತದ ಕ್ಯಾನ್ಸರ್. ದಿನಾ ಒಂದು ಇಮ್ಯಾಟಿನಿಬ್ ಮಾತ್ರೆ ನುಂಗಿ ಆರಾಮಾಗಿ ತೋಟ ಸುತ್ತುತ್ತಾರೆ. ಮೂರು ತಿಂಗಳಿಗೊಮ್ಮೆ ಬಿಸಿಆರ್-ಎಬಿಎಲ್ ಪರೀಕ್ಷೆ. ರಕ್ತ ತೆಗೆಯುವುದು ಇಲ್ಲಿ, ಪರೀಕ್ಷೆ ಬೆಂಗಳೂರಲ್ಲಿ.

'ಮಾವ, ನಿಮ್ಮ ಚೆಕ್‌ರೋಲ್‌ನಲ್ಲಿ ನಲವತ್ತು ಹೆಸರಿದೆ. ಇವತ್ತು ಅಷ್ಟೂ ಜನ ಕೆಲಸಕ್ಕೆ ಬಂದಿದ್ದಾರಾ?' ಅಂದೆ. ಡಿಎನ್‌ಎ ಆ ಹೆಸರಿನ ಪಟ್ಟಿ ಇದ್ದ ಹಾಗೆ. ಯಾವ ಜೀನ್ ಈಗ ಎಷ್ಟು ಕೆಲಸ ಮಾಡುತ್ತಿದೆ ಅನ್ನೋದು ಆರ್‌ಎನ್‌ಎಯಿಂದ ತಿಳಿಯುತ್ತದೆ, ಅದು ಹಾಜರಿ. ಮಾವನ ಕಾಯಿಲೆಯಲ್ಲಿ 9 ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲುಬದಲಾಗಿ, ಎರಡು ಜೀನ್ ಅಂಟಿಕೊಂಡು ಬಿಸಿಆರ್-ಎಬಿಎಲ್ ಅನ್ನೋ ಬೇಡದ ಒಂದು ಜೀನ್ ಹುಟ್ಟಿದೆ. ಅದರ ಆರ್‌ಎನ್‌ಎಯನ್ನು ಪಿಸಿಆರ್‌ನಲ್ಲಿ ಅಳೆದು, ಮಾಮೂಲಿ ಜೀನ್ ಒಂದರ ಜೊತೆ ಹೋಲಿಸಿ ಶೇಕಡಾ ಲೆಕ್ಕದಲ್ಲಿ ಕೊಡುತ್ತಾರೆ. 0.1 ಅಥವಾ ಅದಕ್ಕಿಂತ ಕೆಳಗಿದ್ದರೆ ಔಷಧಿ ಚೆನ್ನಾಗಿ ಹಿಡಿದಿದೆ ಅಂತ.

ತೊಂದರೆ ಏನೆಂದರೆ ಆರ್‌ಎನ್‌ಎ ಬಹಳ ನಾಜೂಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಅನ್ನೋ ರಾಸಾಯನಿಕ ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುತ್ತದೆ, ಅಷ್ಟೇ. ಒಳಗೆ ಜೀವಕೋಶಗಳು ಬದುಕೇ ಇರುತ್ತವೆ, ಆರ್‌ಎನ್‌ಎ ಚೂರಾಗುತ್ತಾ ಹೋಗುತ್ತದೆ. ಪ್ಯಾಕ್ಸ್‌ಜೀನ್ ಅಂತ ಬೇರೆ ಟ್ಯೂಬ್ ಇದೆ, 2.5 ಮಿಲಿ ರಕ್ತ ಹಾಕಿ ಎಂಟು ಹತ್ತು ಸಲ ಮೆಲ್ಲಗೆ ಮಗುಚಿದರೆ ಒಳಗಿನ ದ್ರಾವಣ ಆರ್‌ಎನ್‌ಎಯನ್ನು ಇದ್ದ ಹಾಗೇ ಹಿಡಿದಿಡುತ್ತದೆ, ಫ್ರಿಜ್ ಇಲ್ಲದೆ ಮೂರು ದಿನ ತಡೆಯುತ್ತದೆ. ಒಟ್ಟಿಗೆ ನೂರಾರು ಜೀನ್ ಅಳೆಯುವ ಸಂಶೋಧಕರು ಅದನ್ನು ಬಳಸುತ್ತಾರೆ. ನಮಗೆ ಸಿಕ್ಕಿದ್ದು ಮಾಮೂಲಿ ನೇರಳೆ ಟ್ಯೂಬೇ.

ನಾವು ಕೊಟ್ಟಿದ್ದು ಶನಿವಾರ ಸಂಜೆ. ಭಾನುವಾರ ಕೊರಿಯರ್ ಇಲ್ಲ. ಸೋಮವಾರ ಯಾರೋ ಮರೆತರಂತೆ. ಟ್ಯೂಬ್ ಬೆಂಗಳೂರು ಮುಟ್ಟಿದ್ದು ಬುಧವಾರ. ರಕ್ತ ತೆಗೆದುಕೊಂಡವರ ಮೇಲೆ ನನಗಿನ್ನೂ ಸಿಟ್ಟಿದೆ, ಸುಮ್ನೆ 'ಸೋಮವಾರ ಬನ್ನಿ' ಅಂದಿದ್ದರೆ ಸಾಕಿತ್ತು. ಆದರೆ ಲ್ಯಾಬ್‌ನವರನ್ನು ಮೆಚ್ಚಬೇಕು. ಹೋಲಿಕೆಗೆ ಇಟ್ಟ ಮಾಮೂಲಿ ಜೀನ್‌ನ ಎಣಿಕೆಯೇ ಸಾಲದೆ ಬಂದಾಗ, ಅಂದರೆ ಆರ್‌ಎನ್‌ಎಯೇ ಹಾಳಾಗಿದೆ ಅಂತ ಗೊತ್ತಾದಾಗ, ವಾಪಸ್ ಕಳಿಸಿದರು. ಅದನ್ನು ನೋಡದೆ 'ಕಾಯಿಲೆ ಕಾಣುತ್ತಿಲ್ಲ' ಅಂತ ಬರೆದುಕೊಟ್ಟಿದ್ದರೆ ನಾವು ಹೋಳಿಗೆ ಮಾಡಿಕೊಂಡು ಉಣ್ಣುತ್ತಿದ್ದೆವು, ಅಲ್ವಾ?

ಮೊನ್ನೆ ಸೋಮವಾರ ಮೊದಲ ಬಸ್ಸಿಗೇ ಬಂದು ಮತ್ತೆ ಕೊಟ್ಟರು. ಅವತ್ತೇ ಕಳಿಸುತ್ತೀರಾ ಅಂತ ಎರಡು ಸಲ ಕೇಳಿದೆ. ರಿಪೋರ್ಟ್ ಇನ್ನೂ ಬಂದಿಲ್ಲ. ಮಾವ ದಿನಾ ಬೆಳಗ್ಗೆ ಫೋನ್ ಮಾಡುತ್ತಾರೆ: 'ಹಾಜರಿ ಬಂತೇನೋ?'