ಹತ್ತನೇ ಹೆಸರು

ಮಂಗಳೂರಿನ ಯೆಯ್ಯಾಡಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಕಾಗದ, ಬಿಲ್ ಬುಕ್, ಬ್ರಹ್ಮಕಲಶದ ಆಮಂತ್ರಣ, ಇಂಥವೇ ಕೆಲಸ. ತುಂಬಾ ವರ್ಷ ನಮ್ಮ ಹಾಜರಿ ಪುಸ್ತಕದಲ್ಲಿ ಒಂಬತ್ತೇ ಹೆಸರು. ಅದು ತನ್ನಷ್ಟಕ್ಕೆ ಆದದ್ದಲ್ಲ. "ಹತ್ತಾಗದ ಹಾಗೆ ನೋಡ್ಕೊಳ್ಳಿ" ಅಂತ ಲೆಕ್ಕ ಬರೆಯುವವರು ಮೊದಲೇ ಹೇಳಿದ್ದರು. ಹತ್ತು ಜನ ಆದರೆ ಇಎಸ್‌ಐ, ಅಂದರೆ ಕೆಲಸಗಾರರಿಗಿರುವ ಸರ್ಕಾರಿ ವಿಮೆ, ಕಡ್ಡಾಯ. ವರ್ಷದಲ್ಲಿ ಒಂದು ದಿನ ಹತ್ತಾದರೂ ಸಾಕು. ಒಮ್ಮೆ ಒಳಗೆ ಬಂದರೆ, ಆಮೇಲೆ ಜನ ಕಡಿಮೆಯಾದರೂ ಬಿಡುವ ಹಾಗಿಲ್ಲ. ಹಾಗಾಗಿ ಮದುವೆ ಸೀಸನ್ನಿನಲ್ಲಿ ಕೆಲಸ ಜಾಸ್ತಿಯಾದರೆ ಬೈಂಡಿಂಗ್ ಹೊರಗೆ ಕೊಡುತ್ತಿದ್ದೆ. ಹತ್ತನೆಯವರನ್ನು ಸೇರಿಸಲಿಲ್ಲ.

2023ರ ಜುಲೈ. ಬೆಳಗ್ಗಿಂದ ಬಿಡದ ಮಳೆ. ನಮ್ಮ ಬೈಂಡಿಂಗ್ ಅಕ್ಕ ಬಿಲ್ ಬುಕ್ಕಿಗೆ ಗೋಂದು ಹಚ್ಚುತ್ತಿದ್ದವರು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟರು. ಹನ್ನೊಂದು ವರ್ಷದಿಂದ ನನ್ನ ಹತ್ತಿರ ಇದ್ದವರು. ರಜೆ ಕೇಳಿದ್ದು ಕಮ್ಮಿ. ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು ಅಂದರು.

ಬಿಲ್ 68,000 ರೂಪಾಯಿ. ಅವರ ಸಂಬಳ 16,000. ನಾನು ಕೈಲಾದಷ್ಟು ಹಾಕಿದೆ, ಸಾಲಲಿಲ್ಲ. ಡಿಸ್ಚಾರ್ಜ್ ದಿನ ಬಿಲ್ ಕೌಂಟರಿನ ಎದುರು ಅವರ ತಾಯಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ನಾಲ್ಕು ಮಡಿಕೆಯಾಗಿ ಒಂದು ಚೀಟಿ, ಅದರ ಸುತ್ತ ಐನೂರರ ನೋಟುಗಳು. ಸೊಸೈಟಿಯಲ್ಲಿ ಬಳೆ ಅಡವಿಟ್ಟ ಚೀಟಿ. ಮಳೆಗೆ ಅದರ ಒಂದು ಮೂಲೆ ಒದ್ದೆಯಾಗಿ ಶಾಯಿ ಹರಡಿತ್ತು. ನೋಟು ಎಣಿಸಿ ಕೊಟ್ಟು, ಆ ಚೀಟಿಯನ್ನು ಹಾಗೇ ಮಡಚಿ ಮತ್ತೆ ಗಂಟು ಹಾಕಿಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ. ನಾನು ಅಲ್ಲೇ ನಿಂತಿದ್ದೆ.

ಆ ರಾತ್ರಿ ಕ್ಯಾಲ್ಕುಲೇಟರ್ ಹಿಡಿದು ಕೂತೆ. ಇಷ್ಟು ವರ್ಷ ಮಾಡಬೇಕಿದ್ದ ಕೆಲಸ ಅದು. ಇಎಸ್‌ಐಗೆ ಮಾಲೀಕರು ಕಟ್ಟುವುದು ಸಂಬಳದ ಶೇ. 3.25, ಕೆಲಸಗಾರರಿಂದ ಶೇ. 0.75. 2019ರ ಜುಲೈಗೆ ಮುಂಚೆ ಇದು 4.75 ಮತ್ತು 1.75 ಇತ್ತು. ಅಂದರೆ ಅಕ್ಕನ ಲೆಕ್ಕಕ್ಕೆ ನನ್ನಿಂದ ತಿಂಗಳಿಗೆ 520 ರೂಪಾಯಿ, ಅವರಿಂದ 120. ಅಷ್ಟಕ್ಕೆ ಅವರಿಗೆ ಮಾತ್ರ ಅಲ್ಲ, ಅವರನ್ನೇ ನಂಬಿಕೊಂಡಿರುವ ತಾಯಿಗೂ ಚಿಕಿತ್ಸೆ. ತಿಂಗಳ ಸಂಬಳ 21,000 ದಾಟದವರೆಲ್ಲ ಇದರೊಳಗೆ ಬರುತ್ತಾರೆ. ಆಪರೇಷನ್ ಆಗಿ ಮನೆಯಲ್ಲಿದ್ದ ದಿನಗಳಿಗೆ ನಾನು ಅರ್ಧ ಸಂಬಳ ಕೊಟ್ಟಿದ್ದೆ. ಇಎಸ್‌ಐ ಇದ್ದಿದ್ದರೆ ಶೇ. 70 ಸಿಗುತ್ತಿತ್ತು, ವರ್ಷಕ್ಕೆ 91 ದಿನದವರೆಗೆ. ಹನ್ನೊಂದು ವರ್ಷ ದುಡಿದವರಿಗೆ ಅದು ಖಂಡಿತ ಸಿಗುತ್ತಿತ್ತು ಅಲ್ವಾ?

ಒಂಬತ್ತು ಜನಕ್ಕೆ ನಾನು ಉಳಿಸುತ್ತಿದ್ದದ್ದು ತಿಂಗಳಿಗೆ ಹೆಚ್ಚೆಂದರೆ ಐದು ಸಾವಿರ.

ಖಾಸಗಿ ಗ್ರೂಪ್ ಪಾಲಿಸಿಯನ್ನೂ ವಿಚಾರಿಸಿದೆ. ತಂದೆ ತಾಯಿಯನ್ನು ಸೇರಿಸಿದ ಕೂಡಲೇ ಪ್ರೀಮಿಯಂ ಮೇಲೇರಿತು. ಅದರ ಮೇಲೆ ಶೇ. 18 ಜಿಎಸ್‌ಟಿ. 2025ರ ಸೆಪ್ಟೆಂಬರ್ 22ರಿಂದ ಒಬ್ಬರು ತಮ್ಮ ಮನೆಯವರಿಗೆ ತೆಗೆದುಕೊಳ್ಳುವ ಪಾಲಿಸಿಗೆ ಈ ತೆರಿಗೆ ತೆಗೆದರು. ಕೆಲಸಗಾರರಿಗೆ ಅಂತ ಮಾಲೀಕ ತೆಗೆದುಕೊಳ್ಳುವ ಗ್ರೂಪ್ ಪಾಲಿಸಿಗೆ ಹಾಗೇ ಉಳಿಸಿದರು. ಇದು ಸರಿಯಲ್ಲ. ಸಣ್ಣ ಅಂಗಡಿಯವನು ತನ್ನ ಐದಾರು ಜನರಿಗೆ ಪಾಲಿಸಿ ಮಾಡಿಸಿದರೆ ಅವನಿಗೇ ತೆರಿಗೆ ಜಾಸ್ತಿ ಅಂದರೆ ಹೇಗೆ?

ಆಪರೇಷನ್ ಆದ ಮರು ತಿಂಗಳು, 2023ರ ಆಗಸ್ಟಿನಲ್ಲಿ, ಹತ್ತನೆಯವರನ್ನು ತೆಗೆದುಕೊಂಡೆ, ಕಟಿಂಗ್ ಮೆಷಿನ್ನಿಗೆ ಕಾವೂರಿನ ಒಬ್ಬ ಹುಡುಗ. ಲೆಕ್ಕದವರು "ಇನ್ನೊಮ್ಮೆ ಯೋಚನೆ ಮಾಡಿ" ಅಂದರು. ಯೋಚನೆ ಆಗಿತ್ತು. ಆನ್‌ಲೈನಿನಲ್ಲಿ ನೋಂದಣಿ ಮುಗಿಸಿದೆವು. ಈಗ ಪ್ರತಿ ತಿಂಗಳು 15ನೇ ತಾರೀಕಿನೊಳಗೆ ಹಣ ಕಟ್ಟುವುದು ನನ್ನ ಕೆಲಸ, ಅದನ್ನು ಬೇರೆಯವರಿಗೆ ಬಿಡುವುದಿಲ್ಲ.

ಎಲ್ಲರ ಕಾರ್ಡ್ ಪ್ರಿಂಟ್ ತೆಗೆದು ನಮ್ಮ ಮೆಷಿನ್ನಿನಲ್ಲೇ ಲ್ಯಾಮಿನೇಟ್ ಮಾಡಿದೆವು. ಅಕ್ಕ ತಾಯಿಯ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ಆಮೇಲೆ ಅಂಚು ಚೂಪಾಗಿದೆ ಅಂತ ಕತ್ತರಿ ತಂದು ನಾಲ್ಕು ಮೂಲೆ ದುಂಡಗೆ ಮಾಡಿದರು, ಹತ್ತು ಕಾರ್ಡಿಗೂ. ಮುಂದಿನ ಸೋಮವಾರ ತಾಯಿಯನ್ನು ಕರೆದುಕೊಂಡು ಶಿವಬಾಗಿನ ಇಎಸ್‌ಐ ಆಸ್ಪತ್ರೆಗೆ ಹೋಗಿ ಬಿಪಿ ತೋರಿಸಿ ಬಂದರು.

ನಮ್ಮ ಪಕ್ಕದ ಲೇತ್ ವರ್ಕ್‌ಶಾಪಿನಲ್ಲಿ ಆರೇ ಜನ. ಮೊನ್ನೆ ಅವರ ಮಾಲೀಕರು ಬಂದು, ನಮಗೂ ಆಗುತ್ತದಾ ಅಂತ ಕೇಳಿದರು. ಆಗುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ, ಹತ್ತಕ್ಕಿಂತ ಕಡಿಮೆ ಇದ್ದರೂ ಮಾಲೀಕರು ಮತ್ತು ಅರ್ಧಕ್ಕಿಂತ ಹೆಚ್ಚು ಕೆಲಸಗಾರರು ಒಪ್ಪಿದರೆ ತಾವಾಗಿ ಸೇರಬಹುದು. ಭಾನುವಾರ ಅವರ ಆರೂ ಜನರ ಆಧಾರ್ ಹಿಡಿದುಕೊಂಡು ಬನ್ನಿ, ಒಟ್ಟಿಗೆ ಕೂತು ನೋಡುವ ಅಂದಿದ್ದೇನೆ.